ಫ್ಲೀಟ್ ಸಾಹೇಬರ ಋಣ

ಐಹೊಳೆಯ ಮೇಗುತಿ ಗುಡ್ಡಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಅಲ್ಲಿಯ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿಯ ಸಂಸ್ಕೃತ ಶಾಸನವಿದೆ. ಹುನಗುಂದ, ಇಳಕಲ್ಲುಗಳಿಂದ ಬಂದ ಹುಡುಗರಿಗೆ ಐಹೊಳೆ ನೆರೆಯ ಊರೇ. ಆದರೂ ಆ ಗೋಡೆಯ ಒಂದು ಅಕ್ಷರವೂ ಅವರಿಗೆ ಕೂಡಿ ಬರುವುದಿಲ್ಲ. ಇದನ್ನು ಓದಿ ಲೋಕಕ್ಕೆ ತಿಳಿಸಿದವರು ಯಾರು ಎಂದು ಕೇಳುತ್ತಾರೆ. ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಹೆಸರನ್ನು ನಾನು ಹೇಳುತ್ತೇನೆ. ಒಂದು ವರ್ಷ ಮುಧೋಳದ ಕಡೆಯ ವಿದ್ಯಾರ್ಥಿಯೊಬ್ಬನು ಅಷ್ಟಕ್ಕೆ ಸುಮ್ಮನಾಗಲಿಲ್ಲ. ನಮ್ಮ ಹಲಗಲಿಯವರನ್ನು ನೇಣಿಗೇರಿಸಿದ ಸರಕಾರದ ಅಧಿಕಾರಿಗೆ ನಾವೇಕೆ ಕೈಮುಗಿಯಬೇಕೆಂದು ಕೇಳಿದನು. ಅಂದು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಪೂರ್ತಿಗೊಳಿಸುವ ಪ್ರಯತ್ನವೇ ಈ ಬರಹ.

ಫ್ಲೀಟರು 1847ರಲ್ಲಿ ಜನಿಸಿದರು. ಸಿವಿಲ್ ಸರ್ವಿಸಿಗೆ ಆಯ್ಕೆಯಾದ ಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗೋಲ್ಡ್‌ಸ್ಟುಕರ್ ಎಂಬ ಪ್ರಸಿದ್ಧ ಪಂಡಿತರ ಬಳಿ ಸಂಸ್ಕೃತವನ್ನು ಕಲಿತರು. 1867ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದಿಳಿದಾಗ ಅವರಿಗೆ ಇಪ್ಪತ್ತರ ಹರೆಯ. ಪ್ರಾಂತದ ದಕ್ಷಿಣ ಜಿಲ್ಲೆಗಳಲ್ಲಿ ಕಂದಾಯದ ಕೆಲಸ, ಶಿಕ್ಷಣ ಇಲಾಖೆಯ ಕೆಲಸ, ಸಂಸ್ಥಾನಗಳ ಮೇಲ್ವಿಚಾರಣೆ ಇವೆಲ್ಲ ಅವರ ಪಾಲಿಗೆ ಬಂದುವು. ಆ ಜಿಲ್ಲೆಗಳೆಲ್ಲ ಕನ್ನಡದ ಜಿಲ್ಲೆಗಳು. ಅಲ್ಲಿ ಗುಡಿಗುಡಿಗೂ ಶಾಸನಗಳು. ಓದಬಲ್ಲವರು ಇಲ್ಲವಾದುದರಿಂದ ಹಲವು ಊರುಗಳಲ್ಲಿ ಆ ಬರಹವನ್ನು ಹೂಳಿಟ್ಟ ನಿಧಿಯ ಗುರುತೆಂದು ಜನ ನಂಬಿದ್ದ ಕಾಲವದು.

ಫ್ಲೀಟರಿಗೆ ಮುಂಚೆ ಈ ದಾರಿಯಲ್ಲಿ ನಡೆದವರು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಕಾಳಗದಲ್ಲಿ ಸೆರೆಯಾಗಿದ್ದ ಎಲಿಯಟರು ಮುಂದೆ ಧಾರವಾಡ ಸೀಮೆಯಲ್ಲಿದ್ದು ಸುಮಾರು ಆರುನೂರು ಶಾಸನಗಳ ಪ್ರತಿಗಳನ್ನು ಮಾಡಿಸಿದರು. ಆದರೆ ಅವು ಕೈಬರಹದ ಪ್ರತಿಗಳು. ಬರೆದವನ ಕಣ್ಣು ತಪ್ಪಿದಲ್ಲಿ ಇತಿಹಾಸವೂ ತಪ್ಪುತ್ತಿತ್ತು. ಫ್ಲೀಟರು ಹಿಡಿದ ಹಾದಿ ಬೇರೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ ತೆಗೆದ ಅಚ್ಚನ್ನೇ ಅವರು ಆಧಾರವಾಗಿಟ್ಟುಕೊಂಡರು. ಸಾಧ್ಯವಾದಲ್ಲೆಲ್ಲ ಆ ಅಚ್ಚಿನ ಪಡಿಯಚ್ಚನ್ನೂ ಪಾಠದೊಡನೆ ಮುದ್ರಿಸಿದರು. ತಮ್ಮ ಓದು ತಪ್ಪಾಗಿದ್ದರೆ ತಿದ್ದುವ ಹಕ್ಕನ್ನು ಅವರು ಓದುಗನಿಗೇ ಬಿಟ್ಟುಕೊಟ್ಟರೆಂದು ನಾನು ತಿಳಿಯುತ್ತೇನೆ. ಶಾಸ್ತ್ರದ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ಲಕ್ಷಣ ಬೇಕಿಲ್ಲ.

1872ರಲ್ಲಿ ಬರ್ಜೆಸ್ ಅವರು ಆರಂಭಿಸಿದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಫ್ಲೀಟರ ಶಾಸನಮಾಲೆ ವರ್ಷವರ್ಷವೂ ಬೆಳೆಯಿತು. ಬಾದಾಮಿಯ ಮೂರನೆಯ ಗುಹೆಯಲ್ಲಿರುವ, ಶಕ 500ರ, ಎಂದರೆ ಕ್ರಿ. ಶ. 578ರ ಮಂಗಲೇಶನ ಶಾಸನ, ಅದೇ ಊರಿನ ಕಪ್ಪೆ ಅರಭಟ್ಟನ ಶಾಸನ, ಮಹಾಕೂಟದ ಸ್ತಂಭಶಾಸನ, ಪಟ್ಟದಕಲ್ಲಿನ ಶಾಸನಗಳು, ಇವೆಲ್ಲ ಹೀಗೆ ಬೆಳಕು ಕಂಡುವು. ಮೇಗುತಿಯ ಶಾಸನವನ್ನು ಅವರು 1876ರಲ್ಲಿ ಪ್ರಕಟಿಸಿದರು. ಅಷ್ಟಕ್ಕೆ ತೃಪ್ತರಾಗದೆ 1879ರಲ್ಲಿ ಮತ್ತೆ ತಿದ್ದಿ ಪ್ರಕಟಿಸಿದರು. ಶಕ 556ರ, ಎಂದರೆ ಕ್ರಿ. ಶ. 634ರ ಆ ಶಾಸನದಲ್ಲಿ ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದ ಸಂಗತಿಯಿದೆ. ಕಾಳಿದಾಸ ಭಾರವಿಗಳ ಹೆಸರೂ ಇದೆ. ಆ ಕವಿಗಳು ಇದಕ್ಕಿಂತ ಈಚಿನವರಾಗಲಾರರೆಂದು ಭಾರತದ ಸಾಹಿತ್ಯಚರಿತ್ರೆಗೆ ಒಂದು ಗಟ್ಟಿಯಾದ ಗೆರೆ ದೊರೆತದ್ದು ಹುನಗುಂದ ತಾಲೂಕಿನ ಈ ಗುಡ್ಡದಿಂದಲೇ.

1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು. ಚಾಲುಕ್ಯ, ರಾಷ್ಟ್ರಕೂಟ, ಕದಂಬ ಎಂಬ ಹೆಸರುಗಳು ಕ್ರಮಬದ್ಧವಾದ ಚರಿತ್ರೆಯಾಗಿ ನಿಂತವು. ಮರುವರ್ಷ ಅವರು ಭಾರತ ಸರಕಾರದ ಶಾಸನತಜ್ಞರಾಗಿ ನೇಮಕಗೊಂಡರು. ಗುಪ್ತರ ಶಾಸನಗಳ ಸಂಪುಟವನ್ನು 1888ರಲ್ಲಿ ಹೊರತಂದು, ಗುಪ್ತಶಕೆಯ ಆರಂಭವು ಕ್ರಿ. ಶ. 319-20 ಎಂಬುದನ್ನು ನೆಲೆಗೊಳಿಸಿದರು.

ಅವರ ಓದಿನಲ್ಲಿ ದೋಷವಿರಲಿಲ್ಲವೆಂದಲ್ಲ. ತಲಕಾಡಿನ ಗಂಗರ ಹಳೆಯ ತಾಮ್ರಶಾಸನಗಳನ್ನು ಅವರು ಕೂಟಶಾಸನಗಳೆಂದು ತಳ್ಳಿಹಾಕಿದರು. ಮೈಸೂರಿನ ರೈಸರು ಇದನ್ನು ಒಪ್ಪಲಿಲ್ಲ. ಇಬ್ಬರ ವಾದ ಬಹುಕಾಲ ನಡೆಯಿತು. ಆದರೆ ಪೆನುಕೊಂಡೆಯ ತಾಮ್ರಶಾಸನ ದೊರೆತಾಗ ಅದು ನೈಜವೆಂದು ಮುಪ್ಪಿನಲ್ಲಿ ಒಪ್ಪಿಕೊಂಡವರೂ ಫ್ಲೀಟರೇ.

ಇನ್ನು ಆ ವಿದ್ಯಾರ್ಥಿಯ ಪ್ರಶ್ನೆ. ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಸೈನ್ಯ ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಸರಕಾರದ ಕಾಗದಗಳಲ್ಲಿ ಅದೊಂದು ದಂಗೆ. ಜನರ ಬಾಯಲ್ಲಿ ಮಾತ್ರ ಅದು ಲಾವಣಿಯಾಗಿ ಉಳಿಯಿತು. ಆ ಘಟನೆ ನಡೆದು ಹತ್ತೇ ವರ್ಷಕ್ಕೆ ಈ ನಾಡಿಗೆ ಬಂದ ಫ್ಲೀಟರು ಆ ಲಾವಣಿಯನ್ನು ಬರೆದಿಡಿಸಿದರು. 1885ರಿಂದ ಅದೇ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅನುವಾದದೊಡನೆ ಪ್ರಕಟಿಸುತ್ತ ಬಂದರು. ಅವುಗಳಲ್ಲಿ ಹಲಗಲಿಯ ಬೇಡರಿದ್ದಾರೆ, ಸಂಗೊಳ್ಳಿ ರಾಯಣ್ಣನಿದ್ದಾನೆ, ಸಂಗ್ಯಾನ ಕಥೆಯಿದೆ. ಸರಕಾರ ಹೇರಿದ ಆದಾಯ ತೆರಿಗೆಯ ಮೇಲಣ ಹಾಡೂ ಇದೆ. ತನ್ನ ಸರಕಾರವನ್ನು ದೂರುವ ಹಾಡನ್ನು ಅಧಿಕಾರಿಯೊಬ್ಬನು ಅಚ್ಚಿಗೆ ಕೊಟ್ಟನೆಂಬುದು ಸಣ್ಣ ಸಂಗತಿಯಲ್ಲ.

ಇದರಿಂದ ಅವರು ನಮ್ಮ ಪಕ್ಷದವರಾದರೆಂದು ನಾನು ಹೇಳಲಾರೆ. ಅವರು ಕೊನೆಯವರೆಗೂ ಆ ಸರಕಾರದ ನೌಕರರೇ. ಕಮಿಷನರ್ ಪದವಿಗೇರಿ 1897ರಲ್ಲಿ ನಿವೃತ್ತರಾದರು. ಹಾಡಿದ ಕಂಠಗಳೂ ಅರ್ಥ ಹೇಳಿದ ಊರ ಪಂಡಿತರೂ ಇಲ್ಲದಿದ್ದರೆ ಈ ಕೆಲಸ ನಡೆಯುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಕೀರ್ತಿಯಲ್ಲಿ ಅವರಿಗೂ ಪಾಲು ಸಲ್ಲಬೇಕು. ಆದರೆ ಋಣವನ್ನು ಒಪ್ಪಿಕೊಳ್ಳುವುದೇ ಬೇರೆ, ದಾಸರಾಗುವುದೇ ಬೇರೆ. ಹಲಗಲಿಯ ಸಾವನ್ನು ಮರೆಯದೆಯೇ ಆ ಹಾಡನ್ನು ಬರೆದಿಡಿಸಿದವರನ್ನು ನೆನೆಯಬಹುದು. ಹಾಡು ಉಳಿದುದರಿಂದಲೇ ಅಲ್ಲವೆ, ನನ್ನ ವಿದ್ಯಾರ್ಥಿ ಅಷ್ಟು ಬಿಸಿಯಾಗಿ ಕೇಳಿದ್ದು!

ಲಂಡನ್ನಿನಲ್ಲಿಯೂ ಫ್ಲೀಟರು ಬರವಣಿಗೆಯನ್ನು ಬಿಡಲಿಲ್ಲ. ರಾಯಲ್ ಏಷಿಯಾಟಿಕ್ ಸೊಸೈಟಿ 1912ರಲ್ಲಿ ಅವರಿಗೆ ಸುವರ್ಣ ಪದಕವನ್ನಿತ್ತಿತು. 1917ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರು ಕಾಣದೆ ಹೋದ ಒಂದು ಶಾಸನ ಬಾದಾಮಿಯ ಕೋಟೆಯ ಬಂಡೆಯ ಮೇಲೆಯೇ ಇತ್ತು. ಮೊದಲನೆಯ ಪುಲಕೇಶಿ ಶಕ 465ರಲ್ಲಿ, ಎಂದರೆ ಕ್ರಿ. ಶ. 543ರಲ್ಲಿ, ಆ ಕೋಟೆಯನ್ನು ಕಟ್ಟಿಸಿದುದನ್ನು ಹೇಳುವ ಆ ಬರಹ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1941ರಲ್ಲಿ. ಅಷ್ಟು ಹುಡುಕಿದವರ ಕಣ್ಣಿಗೂ ತಪ್ಪಿದ್ದು ಇತ್ತೆಂದ ಮೇಲೆ ನಮಗೆ ಕೆಲಸ ಉಳಿದೇ ಇದೆ. ಈಗ ಮೇಗುತಿಗೆ ಹೋದಾಗ ವಿದ್ಯಾರ್ಥಿಗಳಿಗೆ ಮೊದಲು ಹಳೆಯ ಲಿಪಿಯ ನಾಲ್ಕಕ್ಷರಗಳನ್ನು ಕಲಿಸುತ್ತೇನೆ. ಫ್ಲೀಟರ ಹೆಸರನ್ನು ಆಮೇಲೆ ಹೇಳುತ್ತೇನೆ. ಋಣ ತೀರಿಸುವ ಬಗೆ ಅದೊಂದೇ ಎಂದು ನನಗೆ ತೋರಿದೆ.