ಫ್ರೆಡ್ ಮೂರ್ ಮತ್ತು ಆತನ ಕಂಪ್ಯೂಟರ್ ಕೂಟ

ಜೀವನಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ರಾಜ್ಯವಾಳಿದವರನ್ನೋ, ಹೊಸ ಯಂತ್ರವನ್ನು ಕಂಡುಹಿಡಿದವರನ್ನೋ ಆರಿಸಿಕೊಳ್ಳುವುದು ವಾಡಿಕೆ. ನಾನು ಆರಿಸಿಕೊಂಡಿರುವ ಫ್ರೆಡ್ ಮೂರ್ ಇವೆರಡರಲ್ಲಿ ಯಾವುದನ್ನೂ ಮಾಡಿದವನಲ್ಲ. ಚದುರಿದ್ದ ಜನರನ್ನು ಒಂದೆಡೆ ಕೂಡಿಸಿದನು, ಅಷ್ಟೇ. ಆದರೂ ನಮ್ಮ ಮೇಜಿನ ಮೇಲಣ ಕಂಪ್ಯೂಟರಿನ ಕಥೆ ಆತನನ್ನು ಬಿಟ್ಟರೆ ಪೂರ್ಣವಾಗದು.

ಮೂರ್ ಹುಟ್ಟಿದ್ದು 1941ರಲ್ಲಿ. ತಂದೆ ಅಮೆರಿಕದ ವಾಯುದಳದ ಅಧಿಕಾರಿ. 1959ರಲ್ಲಿ ಮಗನು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯವನ್ನು ಸೇರಿದಾಗ ಅಲ್ಲಿ ಗಂಡುಹುಡುಗರಿಗೆಲ್ಲ ಸೈನಿಕ ಶಿಕ್ಷಣ ಕಡ್ಡಾಯವಾಗಿತ್ತು. ಅದನ್ನು ಒಲ್ಲೆನೆಂದು ಈ ಹದಿನೆಂಟರ ತರುಣನು ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಉಪವಾಸ ಕುಳಿತನು. ಸತ್ಯಾಗ್ರಹದ ನಾಡಿನವರಾದ ನಮಗೆ ಆ ಉಪವಾಸದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1962ರಲ್ಲಿ ಆ ಕಡ್ಡಾಯವು ರದ್ದಾಯಿತು. ಸೈನ್ಯದ ಕರೆಯನ್ನು ನಿರಾಕರಿಸಿದ್ದಕ್ಕಾಗಿ ಮುಂದೆ ಮೂರ್ ಸೆರೆಮನೆಯನ್ನೂ ಕಂಡನು.

ಹಣವೆಂದರೆ ಆತನಿಗೆ ಅಷ್ಟಕ್ಕಷ್ಟೆ. ವಿಧಿಯ ವಿನೋದವನ್ನು ನೋಡಿ! 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಒಂದು ಸಮಾರಂಭದಲ್ಲಿ, ಸ್ಟೂವರ್ಟ್ ಬ್ರಾಂಡ್ ಎಂಬ ಪ್ರಕಾಶಕನು 20,000 ಡಾಲರುಗಳನ್ನು ನೆರೆದ ಜನರ ಮುಂದಿಟ್ಟು, ಸತ್ಕಾರ್ಯಕ್ಕೆ ಬಳಸಿರೆಂದನು. ಚರ್ಚೆ ಬೆಳಗಿನವರೆಗೂ ಎಳೆಯಿತು. ಹಣಕ್ಕಿಂತ ಜನರ ಪರಸ್ಪರ ಸಹಾಯವೇ ದೊಡ್ಡದೆಂದು ವಾದಿಸುತ್ತಿದ್ದ ಮೂರ್‌ನ ಕೈಗೇ ಉಳಿದ ದೊಡ್ಡ ಮೊತ್ತವು ಬಂದು ಸೇರಿತು!

ಅನಂತರ ಆತನು ಮೆನ್ಲೋ ಪಾರ್ಕ್ ಎಂಬ ಊರಿನಲ್ಲಿ ಯಾರಿಗೆ ಯಾವ ವಿದ್ಯೆ ಗೊತ್ತು, ಯಾರಿಗೆ ಯಾವುದು ಬೇಕು ಎಂಬುದನ್ನು ಚೀಟಿಗಳ ಮೇಲೆ ಬರೆದಿಡತೊಡಗಿದನು. ಚೀಟಿಗಳು ಬೆಳೆದಂತೆಲ್ಲ ಕಂಪ್ಯೂಟರಿನ ಅಗತ್ಯ ಕಂಡಿತು. ಆದರೆ ಆಗ ಕಂಪ್ಯೂಟರೆಂಬುದು ಸರ್ಕಾರ, ವಿಶ್ವವಿದ್ಯಾಲಯ ಮತ್ತು ದೊಡ್ಡ ಕಂಪನಿಗಳ ಸೊತ್ತು. 1975ರ ಜನವರಿಯಲ್ಲಿ, ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸಬಹುದಾದ ಆಲ್ಟೇರ್ ಯಂತ್ರದ ಸುದ್ದಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರ್ ಮತ್ತು ಗಾರ್ಡನ್ ಫ್ರೆಂಚ್ ಎಂಬ ಇಂಜಿನಿಯರ್ ಕೂಡಿ ಆಸಕ್ತರಿಗೆ ಆಹ್ವಾನಪತ್ರ ಹಂಚಿದರು. 1975ರ ಮಾರ್ಚ್ 5ರ ಬುಧವಾರ ರಾತ್ರಿ, ಮಳೆಯಲ್ಲಿಯೇ 32 ಜನರು ಫ್ರೆಂಚ್‌ನ ಮನೆಯ ಗ್ಯಾರೇಜಿನಲ್ಲಿ ನೆರೆದರು. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಹುಟ್ಟಿದ್ದು ಹೀಗೆ.

ಮೂರ್ ಸದಸ್ಯರ ಹೆಸರು, ವಿಳಾಸ, ಆಸಕ್ತಿಗಳನ್ನು ಬರೆದುಕೊಂಡನು. ಹತ್ತೇ ದಿನಗಳಲ್ಲಿ ಸುದ್ದಿಪತ್ರವನ್ನು ಹೊರತಂದನು. ಎರಡು ವಾರಕ್ಕೊಮ್ಮೆ ಸಭೆ. ತಿಳಿದವನು ತಿಳಿಯದವನಿಗೆ ಹೇಳಬೇಕು, ಇದ್ದವನು ಇಲ್ಲದವನಿಗೆ ಕೊಡಬೇಕು. ಆ ಮೊದಲ ಸಭೆಗೆ ಬಂದಿದ್ದ ಸ್ಟೀವ್ ವೋಜ್ನಿಯಾಕ್ ಎಂಬ ಸಂಕೋಚದ ಯುವಕನು ತನ್ನದೇ ಯಂತ್ರವನ್ನು ರಚಿಸಿ, ಅದರ ನಕ್ಷೆಯನ್ನು ಸದಸ್ಯರಿಗೆ ಉಚಿತವಾಗಿ ಹಂಚಿದನು. ಅದೇ 1976ರ ಆಪಲ್-1. ಸದಸ್ಯರು ಹಲವು ಕಂಪನಿಗಳನ್ನು ಕಟ್ಟಿ ಕೋಟ್ಯಧೀಶರಾದರು. ಮೂರ್ ಮಾತ್ರ ಕೆಲವೇ ತಿಂಗಳುಗಳಲ್ಲಿ ಕೂಟದ ಹೊಣೆಯನ್ನು ಇತರರಿಗೊಪ್ಪಿಸಿ, ಶಾಂತಿಚಳವಳಿಗೆ ಮರಳಿದನು. 1997ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡನು. ಕೂಟವು 1986ರವರೆಗೆ ಬಾಳಿತು.

ಈ ಚರಿತ್ರೆ ನನ್ನ ಮನಸ್ಸನ್ನು ಹಿಡಿಯಲು ಕಾರಣವುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದು, ಬಿ.ಎ. ಆದಮೇಲೆ ಯಾವ ದಾರಿಗಳಿವೆ ಎಂಬುದನ್ನು ಮನೆಯಲ್ಲಿ ಕೇಳಿದರೆ ಹೇಳುವವರಿಲ್ಲ. ಬುದ್ಧಿಯ ಕೊರತೆಗಿಂತ ಹೇಳುವವರ ಕೊರತೆಯಿಂದಲೇ ನಮ್ಮಂಥವರು ಹಿಂದುಳಿಯುವುದು ಹೆಚ್ಚು. ತಿಳಿದುದನ್ನು ಬಚ್ಚಿಟ್ಟುಕೊಂಡವನು ತಾನೊಬ್ಬನೇ ಮುಂದೆ ಹೋದಾನು. ಹಂಚಿದವನು ಒಂದು ತಲೆಮಾರನ್ನೇ ಮುಂದಕ್ಕೆ ಒಯ್ಯುತ್ತಾನೆ.

ಮೂರ್‌ಗೆ ಸಿಕ್ಕಿದ್ದು ಒಂದು ಗ್ಯಾರೇಜು. ನಮ್ಮಲ್ಲಿ ಸಂಜೆಯ ಹೊತ್ತು ಬರಿದಾಗಿರುವ ತರಗತಿ ಕೊಠಡಿಗಳು ಎಷ್ಟಿಲ್ಲ! ಸಹಪಾಠಿಗಳೇ, ಹದಿನೈದು ದಿನಕ್ಕೊಮ್ಮೆ ಅಲ್ಲಿ ಕೂಡಿ, ಬಲ್ಲವರು ಬಲ್ಲಷ್ಟನ್ನು ಹೇಳೋಣ. ಕಿರಿಯರ ಹೆಸರುಗಳನ್ನು ಬರೆದುಕೊಳ್ಳುವ ಕೆಲಸವನ್ನು ಯಾರಾದರೊಬ್ಬರು ವಹಿಸಿಕೊಂಡರೆ ಆರಂಭಕ್ಕೆ ಅಷ್ಟು ಸಾಕು.