ಕಮಲಾದೇವಿ ಚಟ್ಟೋಪಾಧ್ಯಾಯ: ಜನಪಥದ ಮಳಿಗೆಗೆ ಜೀವ ತುಂಬಿದ ಮಂಗಳೂರಿನ ಮಗಳು

ಊರಿನಿಂದ ನೆಂಟರು ಬಂದರೆಂದರೆ ದೆಹಲಿಯ ಕನ್ನಡ ಕುಟುಂಬಗಳಲ್ಲಿ ಒಂದು ಕ್ರಮವಿತ್ತು. ಮೊದಲನೆಯ ದಿನ ಕೆಂಪುಕೋಟೆ, ರಾಜಘಾಟ್. ಎರಡನೆಯ ದಿನ ಕುತುಬ್ ಮಿನಾರ್. ಹೊರಡುವ ಮುನ್ನಾದಿನ ಜನಪಥದ ಕಾಟೇಜ್ ಎಂಪೋರಿಯಂ. ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಎಂಬ ಅದರ ಉದ್ದನೆಯ ಹೆಸರನ್ನು ಯಾರೂ ಪೂರ್ತಿಯಾಗಿ ಹೇಳುತ್ತಿರಲಿಲ್ಲ. ಕೊಳ್ಳುವುದು ಅಲ್ಪವಾದರೂ ನೋಡುವುದು ಬೆಟ್ಟದಷ್ಟಿರುತ್ತಿತ್ತು. ಕಾಶ್ಮೀರದ ಶಾಲಿನಿಂದ ಚನ್ನಪಟ್ಟಣದ ಬೊಂಬೆಯವರೆಗೆ ಇಡೀ ದೇಶದ ಕೈಕೆಲಸ ಒಂದೇ ಸೂರಿನಡಿ ಕಾಣಸಿಗುತ್ತಿತ್ತು. ಬ್ಯಾಂಕಿನ ವರ್ಗಾವಣೆಯ ಮೇಲೆ ಈ ನಗರಕ್ಕೆ ಬಂದ ಹೊಸದರಲ್ಲಿ ತಂಗಿಯ ಮದುವೆಗೆಂದು ನಾನೂ ಅಲ್ಲಿಂದ ಬೀಟೆಮರದ ಪುಟ್ಟ ಆನೆಯೊಂದನ್ನು ಕೊಂಡಿದ್ದೆ. ಮೈಸೂರು ಸೀಮೆಯ ವಸ್ತುವನ್ನು ದೆಹಲಿಯಲ್ಲಿ ಕೊಂಡು ಮರಳಿ ಊರಿಗೊಯ್ದನಲ್ಲಾ ಎಂದು ಮನೆಯವರೆಲ್ಲ ನಕ್ಕಿದ್ದುಂಟು.

ಆ ಮಳಿಗೆಗೆ ರೂಪ ಕೊಟ್ಟು ಬೆಳೆಸಿದವರು ನಮ್ಮ ಕರಾವಳಿಯ ಹೆಣ್ಣುಮಗಳು ಎಂಬ ಸಂಗತಿ ಆಗ ನನಗೆ ತಿಳಿದಿರಲಿಲ್ಲ. ನಮ್ಮಲ್ಲಿ ಅನೇಕರಿಗೆ ಇಂದಿಗೂ ತಿಳಿದಿರಲಾರದು. ಆ ಮಳಿಗೆಯ ವೈಭವ ಕುಂದಿರುವ ಈ ಕಾಲದಲ್ಲಿ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರ ಬದುಕನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ಕಮಲಾದೇವಿಯವರು ಜನಿಸಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ. ತಂದೆ ಅನಂತಯ್ಯ ಧಾರೇಶ್ವರರು ಉನ್ನತ ಸರ್ಕಾರಿ ಅಧಿಕಾರಿ. ತಾಯಿ ಗಿರಿಜಾಬಾಯಿಯವರು ವಿದ್ಯಾವಂತೆ, ಸ್ವತಂತ್ರ ಮನೋಭಾವದವರು. ಬಾಲಕಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಅವರ ಮೊದಲ ಹೆಂಡತಿಯ ಮಗನಿಗೆ ಸೇರಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಉಳಿದದ್ದು ಜೀವನಾಂಶ ಮಾತ್ರ. ಗಿರಿಜಾಬಾಯಿಯವರು ಅದನ್ನೂ ನಿರಾಕರಿಸಿ, ತವರಿನಿಂದ ತಂದಿದ್ದ ಹಣದಲ್ಲಿಯೇ ಮಕ್ಕಳನ್ನು ಬೆಳೆಸಿದರು. ತಾನು ಬಾಳಿದ ಮನೆಯ ಮೇಲೆಯೇ ಹಕ್ಕಿಲ್ಲದ ತಾಯಿಯ ಸ್ಥಿತಿಯನ್ನು ಕಂಡ ಮಗಳ ಮನಸ್ಸಿನಲ್ಲಿ, ದುಡಿದವರಿಗೆ ಒಡೆತನವೇಕಿಲ್ಲ ಎಂಬ ಪ್ರಶ್ನೆ ಅಂದೇ ಮೊಳೆತಿರಬೇಕು. ಮುಂದೆ ಅವರು ಕೈಗೊಂಡ ಕಾರ್ಯಗಳೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದಂತೆಯೇ ತೋರುತ್ತವೆ.

ಎಳೆಯ ವಯಸ್ಸಿನಲ್ಲಿಯೇ ಅವರ ವಿವಾಹವಾಯಿತು. ಬಹು ಬೇಗನೆ ವೈಧವ್ಯವೂ ಬಂದಿತು. ಆದರೆ ತಾಯಿ ಮಗಳ ಓದನ್ನು ನಿಲ್ಲಿಸಲಿಲ್ಲ. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿದ್ದಾಗ ಸರೋಜಿನಿ ನಾಯ್ಡು ಅವರ ಕುಟುಂಬದ ಪರಿಚಯವಾಗಿ, ಅವರ ತಮ್ಮ, ಕವಿ ಹಾಗೂ ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಕಮಲಾದೇವಿಯವರು ವರಿಸಿದರು. ವಿಧವೆಯ ಮರುವಿವಾಹ, ಅದೂ ಬೇರೆ ಭಾಷೆಯವರೊಡನೆ, ಅಂದಿನ ಸಮಾಜದಲ್ಲಿ ದೊಡ್ಡ ಕೋಲಾಹಲವನ್ನೇ ಎಬ್ಬಿಸಿತು. ದಂಪತಿಗಳು ರಂಗಭೂಮಿಯಲ್ಲಿ ಒಟ್ಟಾಗಿ ದುಡಿದರು. ಮುಂದೆ ದಾಂಪತ್ಯ ಮುರಿದು ವಿಚ್ಛೇದನವಾದಾಗಲೂ ಕಮಲಾದೇವಿಯವರು ಲೋಕಾಪವಾದಕ್ಕೆ ಹೆದರಲಿಲ್ಲ.

1926ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ ಮದರಾಸು ಪ್ರಾಂತೀಯ ಶಾಸನಸಭೆಯ ಚುನಾವಣೆಗೆ ನಿಂತು ಅತ್ಯಲ್ಪ ಮತಗಳ ಅಂತರದಿಂದ ಸೋತರು. ಮರುವರ್ಷ ಸ್ಥಾಪನೆಯಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಂಘಟನಾ ಕಾರ್ಯದರ್ಶಿಯಾದರು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ಮಹಿಳಾ ವಿಭಾಗದ ಹೊಣೆ ಹೊತ್ತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಸ್ಥಾನ ಬೇಕೆಂದು ಗಾಂಧೀಜಿಯವರೊಡನೆ ವಾದಿಸಿ ಒಪ್ಪಿಸಿದವರಲ್ಲಿ ಅವರು ಪ್ರಮುಖರು. ಮುಂಬಯಿಯ ಕಡಲತೀರದಲ್ಲಿ ಕಾನೂನು ಮುರಿದು ತಯಾರಿಸಿದ ಉಪ್ಪಿನ ಪೊಟ್ಟಣಗಳನ್ನು ಹಿಡಿದು ನಗರದ ಷೇರುಪೇಟೆಯೊಳಕ್ಕೇ ನಡೆದುಹೋಗಿ ಮಾರಿದರು. ಬಂಧನವೂ ಆಯಿತು. ಕೈಯಿಂದ ಮಾಡಿದ ಸಾಮಾನ್ಯ ವಸ್ತುವೊಂದಕ್ಕೆ ಎಷ್ಟು ಬೆಲೆ ಬರಬಲ್ಲದೆಂಬುದನ್ನು ಷೇರು ವ್ಯಾಪಾರಿಗಳ ನಡುವೆ ನಿಂತು ಅವರು ಅಂದೇ ತೋರಿಸಿದ್ದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷತೆಯನ್ನೂ ವಹಿಸಿದರು.

ಸ್ವಾತಂತ್ರ್ಯ ಬಂದಾಗ ಅಧಿಕಾರದ ಸ್ಥಾನಗಳತ್ತ ಅವರ ಮನಸ್ಸು ಹರಿಯಲಿಲ್ಲ. ದೇಶವಿಭಜನೆಯಿಂದ ದೆಹಲಿಗೆ ನಿರಾಶ್ರಿತರ ಪ್ರವಾಹವೇ ಹರಿದುಬಂದಿತ್ತು. ಅವರಿಗೆ ದಾನಕ್ಕಿಂತ ದುಡಿಮೆ ಬೇಕು, ದುಡಿಮೆಯ ಮೇಲೆ ಅವರದೇ ಒಡೆತನ ಬೇಕು ಎಂಬುದು ಕಮಲಾದೇವಿಯವರ ನಿಲುವು. ಸಹಕಾರ ತತ್ತ್ವದ ಈ ಯೋಜನೆಗೆ ಗಾಂಧೀಜಿಯವರು, ಸರ್ಕಾರದ ನೆರವನ್ನು ಬೇಡಬಾರದೆಂಬ ಷರತ್ತಿನ ಮೇಲೆ ಒಪ್ಪಿಗೆ ನೀಡಿದ್ದರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಜನ್ಮತಾಳಿತು. ದೆಹಲಿಯ ಹೊರವಲಯದ ಛತರ್‌ಪುರದಲ್ಲಿ ನಿರಾಶ್ರಿತ ರೈತರ ಸಹಕಾರಿ ಬೇಸಾಯ ಪ್ರಾರಂಭವಾಯಿತು. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಸಾವಿರಾರು ಕುಟುಂಬಗಳು ಫರೀದಾಬಾದಿನಲ್ಲಿ ಸಹಕಾರಿ ಸಂಘಗಳನ್ನು ಕಟ್ಟಿಕೊಂಡು ತಮ್ಮ ಮನೆ, ಬೀದಿಗಳನ್ನು ತಾವೇ ನಿರ್ಮಿಸಿಕೊಂಡವು. ಇಂದು ಫರೀದಾಬಾದಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳು ಅಲ್ಲಿನ ಎನ್‌ಐಟಿ ಬಡಾವಣೆಗಳಲ್ಲಿ ಓಡಾಡುವಾಗ ಈ ಚರಿತ್ರೆಯನ್ನು ನೆನೆಯಬಹುದು. ಆದರೆ ಕೆಲವೇ ವರ್ಷಗಳಲ್ಲಿ ಆಡಳಿತದ ಹಿಡಿತ ಸರ್ಕಾರಿ ಇಲಾಖೆಯ ಕೈ ಸೇರಿ, ಸಹಕಾರಿ ಸಂಘಗಳು ಸೊರಗಿದವು. ನಗರ ಬೆಳೆಯಿತು; ಅದನ್ನು ಕಟ್ಟಿದವರ ಸಂಘಗಳು ಉಳಿಯಲಿಲ್ಲ. ಯೂನಿಯನ್ನಿನ ಕಾರ್ಯದಲ್ಲಿ ಅವರ ಕಿರಿಯ ಸಹೋದ್ಯೋಗಿಯಾಗಿದ್ದ ಲಕ್ಷ್ಮೀಚಂದ್ ಜೈನ್ ಅವರು ಬಹುಕಾಲದ ನಂತರ ಈ ಕಥೆಯನ್ನು ಪುಸ್ತಕವಾಗಿ ದಾಖಲಿಸಿದರು.

ಅದೇ ಕಾಲದಲ್ಲಿ ಮತ್ತೊಂದು ಹೊಣೆ ಅವರ ಹೆಗಲೇರಿತು. ಅಂದು ಕ್ವೀನ್ಸ್‌ವೇ ಎನಿಸಿದ್ದ ಇಂದಿನ ಜನಪಥದಲ್ಲಿ, ಎರಡನೆಯ ಮಹಾಯುದ್ಧ ಕಾಲದ ಸೈನಿಕರ ಬ್ಯಾರಕ್ಕುಗಳಲ್ಲಿ ಸರ್ಕಾರವು 1948ರಲ್ಲಿ ಗೃಹಕೈಗಾರಿಕೆಗಳ ಮಳಿಗೆಯೊಂದನ್ನು ತೆರೆದಿತ್ತು. 1952ರಲ್ಲಿ ಅದರ ನಿರ್ವಹಣೆಯನ್ನು ಯೂನಿಯನ್ನಿಗೆ ವಹಿಸಲಾಯಿತು. ಅದೇ ವರ್ಷ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನೂ ಕಮಲಾದೇವಿಯವರೇ ದೀರ್ಘಕಾಲ ಮುನ್ನಡೆಸಿದರು. ಹಳ್ಳಿಯಿಂದ ಹಳ್ಳಿಗೆ ಅಲೆದು ಕುಶಲಕರ್ಮಿಗಳನ್ನು ಹುಡುಕುವುದು ಒಂದು ಕೆಲಸ. ಅವರು ಮಾಡಿದ್ದನ್ನು ಯೋಗ್ಯ ಬೆಲೆಗೆ ಕೊಳ್ಳುವ ಜನರನ್ನು ಹುಡುಕುವುದು ಇನ್ನೊಂದು. ಈ ಎರಡೂ ಕೆಲಸಗಳು ಒಬ್ಬರ ಮನಸ್ಸಿನಲ್ಲೇ ಕೂಡಿದ್ದರಿಂದ ಎಂಪೋರಿಯಂ ಬೆಳೆಯಿತು. ಫೋರಿ ನೆಹರೂ ಮೊದಲಾದ ಅಭಿರುಚಿವಂತ ಮಹಿಳೆಯರು ಅಲ್ಲಿ ಜೊತೆಗೂಡಿ ದುಡಿದರು. ಅಳಿವಿನಂಚಿನಲ್ಲಿದ್ದ ಶ್ರೀಕಾಳಹಸ್ತಿಯ ಕಲಂಕಾರಿ, ಜಯಪುರದ ನೀಲಿ ಮಣ್ಣಿನ ಪಾತ್ರೆಗಳು ಅವರ ಆಸಕ್ತಿಯಿಂದ ಮರುಜೀವ ಪಡೆದವು. ಬೆಂಗಳೂರು ಸೇರಿದಂತೆ ನಾಲ್ಕು ನಗರಗಳಲ್ಲಿ ಮಂಡಳಿಯ ವಿನ್ಯಾಸ ಕೇಂದ್ರಗಳು ತೆರೆದವು. ಕುಶಲಕರ್ಮಿಗಳಿಗೆ ರಾಷ್ಟ್ರೀಯ ಪ್ರಶಸ್ತಿ ನೀಡುವ ಪದ್ಧತಿ 1965ರಲ್ಲಿ ಆರಂಭವಾಯಿತು. 1966ರಲ್ಲಿ ಕಮಲಾದೇವಿಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು.

ಇನ್ನು ಮಳಿಗೆಯ ಮುಂದಿನ ಕಥೆ. 1964ರಲ್ಲಿ ನಿರ್ವಹಣೆಯು ಯೂನಿಯನ್ನಿನಿಂದ ಬೇರೊಂದು ಸಂಘಕ್ಕೆ ಹೋಯಿತು. 1976ರಲ್ಲಿ ಅದು ಸರ್ಕಾರಿ ನಿಗಮವಾಯಿತು. ಬ್ಯಾರಕ್ಕುಗಳನ್ನು ತೊರೆದು ಟಾಲ್‌ಸ್ಟಾಯ್ ಮಾರ್ಗದ ಮೂಲೆಯ ಜವಾಹರ್ ವ್ಯಾಪಾರ್ ಭವನವನ್ನು ಸೇರಿತು. ಮುಂಬಯಿ, ಕೋಲ್ಕತಾ, ಬೆಂಗಳೂರು, ಚೆನ್ನೈಗಳಲ್ಲಿಯೂ ಶಾಖೆಗಳಾದವು. ಹೊರನೋಟಕ್ಕೆ ಇದೆಲ್ಲ ಏಳಿಗೆಯೇ ಸರಿ. ದಶಕಗಳ ಕಾಲ ದೂರದ ನೇಕಾರರಿಗೂ ಬಡಗಿಗಳಿಗೂ ಆ ನಿಗಮ ಮಾರುಕಟ್ಟೆ ಒದಗಿಸಿದ್ದೂ ನಿಜ. ಆದರೆ ಸಾಲಪತ್ರ, ತಃಖ್ತೆಗಳನ್ನು ಓದುತ್ತ ಮೂರು ದಶಕ ಕಳೆದ ನನಗೆ ಇಂತಹ ವ್ಯಾಪಾರದ ಒಳಗಿನ ಕಷ್ಟ ಅಲ್ಪಸ್ವಲ್ಪ ಅರ್ಥವಾಗುತ್ತದೆ. ಕೈಯಿಂದ ಮಾಡಿದ ವಸ್ತು ನಿಧಾನವಾಗಿ ತಯಾರಾಗುತ್ತದೆ, ನಿಧಾನವಾಗಿಯೇ ಮಾರಾಟವಾಗುತ್ತದೆ. ದಾಸ್ತಾನಿನಲ್ಲಿ ಹಣ ಕಟ್ಟಿಬೀಳುತ್ತದೆ. ಮಧ್ಯನಗರದ ಬಾಡಿಗೆ, ಸಿಬ್ಬಂದಿಯ ಸಂಬಳಗಳು ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತವೆ. ಬಂಡವಾಳ ಬತ್ತಿದಾಗ ಅಂಗಡಿಯವರು ಮಾರಾಟವಾದ ಮೇಲೆ ಹಣ ಕೊಡುತ್ತೇವೆಂದು ಮಾಲು ಇರಿಸಿಕೊಳ್ಳತೊಡಗುತ್ತಾರೆ. ಅಲ್ಲಿಗೆ ನಷ್ಟದ ಭಾರ ಅದನ್ನು ಹೊರಲಾರದ ಕುಶಲಕರ್ಮಿಯ ಹೆಗಲಿಗೆ ಜಾರುತ್ತದೆ. ಒಳ್ಳೆಯ ಕೆಲಸಗಾರ ಬೇರೆ ದಾರಿ ನೋಡಿಕೊಳ್ಳುತ್ತಾನೆ, ಒಳ್ಳೆಯ ಮಾಲು ಕಡಿಮೆಯಾಗುತ್ತದೆ, ಗಿರಾಕಿಯೂ ಕಡಿಮೆಯಾಗುತ್ತಾನೆ.

1991ರ ನಂತರ ಪೇಟೆಯೇ ಬದಲಾಯಿತು. ಗುರುಗ್ರಾಮ, ನೋಯ್ಡಾಗಳಲ್ಲಿ ಮಾಲ್‌ಗಳೆದ್ದವು. 1994ರಲ್ಲಿ ತೆರೆದ ದಿಲ್ಲಿ ಹಾಟ್‌ನಲ್ಲಿ ಕುಶಲಕರ್ಮಿಯೇ ಗಿರಾಕಿಯ ಎದುರು ಕುಳಿತ. ಸ್ವಾರಸ್ಯವೆಂದರೆ, ಈ ಎಂಪೋರಿಯಂಗೆ ಸಲಹೆ ನೀಡಲು 1958ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಬಂದ ಅಮೆರಿಕದ ಜಾನ್ ಬಿಸೆಲ್ ಅವರೇ 1960ರಲ್ಲಿ ಫ್ಯಾಬ್ಇಂಡಿಯಾ ಸ್ಥಾಪಿಸಿದರು. ಮೊದಲು ರಫ್ತಿಗೆ ಸೀಮಿತವಾಗಿದ್ದ ಆ ಸಂಸ್ಥೆ 1976ರಲ್ಲಿ ಗ್ರೇಟರ್ ಕೈಲಾಶದಲ್ಲಿ ಅಂಗಡಿ ತೆರೆದು, ಮುಂದೆ ದೇಶದುದ್ದಕ್ಕೂ ಹಬ್ಬಿತು. ಒಂದೇ ಬೀಜದಿಂದ ಮೊಳೆತ ಎರಡು ಸಸಿಗಳಲ್ಲಿ ಖಾಸಗಿಯವರದು ಹೆಮ್ಮರವಾಯಿತು, ಸಾರ್ವಜನಿಕರದು ಬಾಡತೊಡಗಿತು.

ಬಾಡಿದ್ದು ಇದೊಂದೇ ಅಲ್ಲ. ರೂಪಾಯಿಯ ಅಪಮೌಲ್ಯವಾದ 1966ರಲ್ಲಿ ಕನ್ನಾಟ್ ಪ್ಲೇಸಿನಲ್ಲಿ ಆರಂಭವಾಗಿ, ನಗರದ ಬಡಾವಣೆಗಳಿಗೆಲ್ಲ ದಿನಸಿ ಒದಗಿಸಿದ ಸೂಪರ್ ಬಜಾರ್ 2002ರಲ್ಲಿ ಬಾಗಿಲು ಮುಚ್ಚಿತು. ಅದೂ ಹೆಸರಿಗೆ ಸಹಕಾರಿ, ನಡೆದದ್ದು ಸರ್ಕಾರದ ಇಚ್ಛೆಯಂತೆ. 2020ರಲ್ಲಿ ಕೊರೋನಾದಿಂದ ಪ್ರವಾಸಿಗರ ಬರವು ನಿಂತು, ಕರಕುಶಲ ಮಳಿಗೆಗಳೆಲ್ಲ ಬರಿದಾದವು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಸರ್ಕಾರ ರದ್ದುಪಡಿಸಿತು. 2021ರ ಮಾರ್ಚಿನಲ್ಲಿ ಕರಕುಶಲ ಹಾಗೂ ಕೈಮಗ್ಗ ರಫ್ತು ನಿಗಮವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಕಮಲಾದೇವಿಯವರ ತಲೆಮಾರು ನಿಲ್ಲಿಸಿದ ಕಂಬಗಳು ಒಂದೊಂದಾಗಿ ಉರುಳಿದವು.

ಇದಕ್ಕೆ ಮಾರುಕಟ್ಟೆಯನ್ನಷ್ಟೇ ದೂರುವುದು ಸುಲಭ. ನನಗನಿಸುವುದು ಬೇರೆ. ಮಾಡುವವನದೂ ಅಲ್ಲ, ಮಾರುವವನದೂ ಅಲ್ಲ, ಕೊಳ್ಳುವವನದೂ ಅಲ್ಲ ಎಂಬಂತಾದ ಅಂಗಡಿಗೆ ಕಷ್ಟಕಾಲದಲ್ಲಿ ಯಾರೂ ದಿಕ್ಕಾಗುವುದಿಲ್ಲ. ಫರೀದಾಬಾದಿನಲ್ಲಿ ಕೆಲವೇ ವರ್ಷಗಳಲ್ಲಿ ಆದದ್ದು ಜನಪಥದಲ್ಲಿ ಅರ್ಧ ಶತಮಾನದ ಅವಧಿಯಲ್ಲಿ ಆಯಿತು. ಸರ್ಕಾರದ ನೆರವನ್ನು ಬೇಡಬಾರದೆಂಬ ಗಾಂಧೀಜಿಯವರ ಷರತ್ತಿನ ಹಿಂದಿದ್ದ ಎಚ್ಚರಿಕೆ ಇದೇ ಇರಬೇಕು. ಸರ್ಕಾರದ ಮಳಿಗೆಯನ್ನು ನಡೆಸಲೊಪ್ಪಿದಾಗ ಕಮಲಾದೇವಿಯವರೂ ಅದನ್ನು ಅರಿಯದೆ ಇದ್ದವರಲ್ಲ. ದೇಶದಷ್ಟು ದೊಡ್ಡ ಕೆಲಸಕ್ಕೆ ಸರ್ಕಾರದ ಕೈ ಬೇಕೇಬೇಕಾಗಿತ್ತು. ಆ ಕೈ ನೀಡಿದ ಆಸರೆಯೂ ದೊಡ್ಡದು, ತೆತ್ತ ಬೆಲೆಯೂ ದೊಡ್ಡದು. ಗಿರಾಕಿಗಳಾಗಿದ್ದ ನಮ್ಮ ಪಾಲೂ ಇದರಲ್ಲಿದೆ. ಉಡುಗೊರೆಯೆಂದರೆ ಕವರಿನಲ್ಲಿ ಹಣವೆಂದು ನಾವು ತೀರ್ಮಾನಿಸಿದ ದಿನದಿಂದ ಎಲ್ಲೋ ಒಬ್ಬ ಬೀಟೆ ಕೆತ್ತುವವನ ಕೆಲಸ ಕಡಿಮೆಯಾಯಿತು.

ಕಮಲಾದೇವಿಯವರಿಗೆ 1955ರಲ್ಲಿ ಪದ್ಮಭೂಷಣ, 1987ರಲ್ಲಿ ಪದ್ಮವಿಭೂಷಣ ಸಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ಅವರು ನಿಧನರಾದರು. ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರಿನ ಒಂದು ಸಂಕೀರ್ಣಕ್ಕೆ ಅವರ ಹೆಸರಿದೆ. ಸಂಸ್ಥೆಯೊಂದನ್ನು ಕಟ್ಟಿ, ಇತರರಿಗೆ ಒಪ್ಪಿಸಿ, ಮುಂದಿನ ಕೆಲಸಕ್ಕೆ ನಡೆದುಬಿಡುವುದು ಅವರ ಸ್ವಭಾವವಾಗಿತ್ತು. ಆದುದರಿಂದ ಅವರ ಸ್ಮಾರಕವನ್ನು ಒಂದು ಕಟ್ಟಡದಲ್ಲಿ ಹುಡುಕುವುದು ಸರಿಯಲ್ಲವೇನೋ. ಕಾಳಹಸ್ತಿಯಲ್ಲಿ ಇಂದಿಗೂ ಕಲಂಕಾರಿಯ ಲೇಖನಿ ಓಡುತ್ತಿದೆ, ಬೀದರಿನಲ್ಲಿ ಬಿದ್ರಿಯ ಬೆಳ್ಳಿ ಹೊಳೆಯುತ್ತಿದೆ, ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಮೆತ್ತುವ ಚಕ್ರ ತಿರುಗುತ್ತಿದೆ. ಅಂಗಡಿ ಸೊರಗಿದರೂ ಕೈಗಳು ಉಳಿದಿವೆ.

ತಂಗಿಯ ಮನೆಯ ಗಾಜಿನ ಬೀರುವಿನಲ್ಲಿ ಆ ಬೀಟೆಮರದ ಆನೆ ಈಗಲೂ ಇದೆ. ಬಣ್ಣ ಇನ್ನಷ್ಟು ಗಾಢವಾಗಿದೆ, ಒಂದು ದಂತ ಮುರಿದಿದೆ. ಅದನ್ನು ಕೆತ್ತಿದವರ ಹೆಸರನ್ನು ಅಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಕಮಲಾದೇವಿಯವರಾಗಿದ್ದರೆ ಮೊದಲು ಕೇಳುತ್ತಿದ್ದುದು ಅದನ್ನೇ. ಈ ಸಲದ ಮದುವೆ, ಗೃಹಪ್ರವೇಶಗಳಿಗೆ ನಾವು ಕೊಳ್ಳುವ ಒಂದಾದರೂ ವಸ್ತು ಕೈಯಿಂದ ಮಾಡಿದ್ದಾಗಿರಲಿ. ಮಾಡಿದವರ ಹೆಸರನ್ನೊಮ್ಮೆ ಕೇಳಿ ತಿಳಿಯೋಣ. ಮಂಗಳೂರಿನ ಆ ಮಹಾತಾಯಿಗೆ ದೆಹಲಿಯ ಕನ್ನಡಿಗರು ಸಲ್ಲಿಸಬಹುದಾದ ನಮನ ಇದೇ.