ಮನೆ ಮುಟ್ಟದ ಮಂತ್ರಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಿದವನು ಊರಿಗೆ ಉಳಿಯುವುದಿಲ್ಲವೆಂದು ನಮ್ಮ ಹಳ್ಳಿಯ ಹಿರಿಯರು ಆಗಾಗ ಹೇಳುವುದುಂಟು. ಆ ಮಾತು ಮನಸ್ಸನ್ನು ಕೊರೆಯುತ್ತಿದ್ದಾಗಲೇ ಸ್ಲೊವಾಕ್ ಜನರ ನಾಯಕರಾದ ಮಿಲಾನ್ ರಾಸ್ತಿಸ್ಲಾವ್ ಷ್ಟೆಫಾನಿಕರ ಚರಿತ್ರೆಯನ್ನು ಓದುವ ಸುಯೋಗ ನನಗೆ ಒದಗಿತು. ವಾಚಕಮಿತ್ರರೊಡನೆ ಅದನ್ನು ಹಂಚಿಕೊಳ್ಳುವುದೇ ಈ ಚಿಕ್ಕ ಲೇಖನದ ಉದ್ದೇಶ.

ಷ್ಟೆಫಾನಿಕರು 1880ನೆಯ ಇಸವಿ ಜುಲೈ 21ರಂದು ಕೊಷಾರಿಸ್ಕಾ ಎಂಬ ಕುಗ್ರಾಮದಲ್ಲಿ ಜನಿಸಿದರು. ತಂದೆ ಲೂಥರನ್ ಪಂಥದ ಪಾದ್ರಿ. ಮನೆ ತುಂಬ ಮಕ್ಕಳು. ಆಗ ಸ್ಲೊವಾಕ್ ನಾಡು ಹಂಗೆರಿಯ ಆಳ್ವಿಕೆಗೆ ಒಳಪಟ್ಟಿತ್ತು. ಸ್ಲೊವಾಕ್ ಭಾಷೆಯಲ್ಲಿ ಕಲಿಸುತ್ತಿದ್ದ ಮೂರು ಪ್ರೌಢಶಾಲೆಗಳನ್ನು ಸರ್ಕಾರವು 1874-75ರಲ್ಲಿಯೇ ಮುಚ್ಚಿಸಿತ್ತು. ಆದ್ದರಿಂದ ಬಾಲಕ ಮಿಲಾನನು ತಾಯ್ನುಡಿಯನ್ನು ಮನೆಯಲ್ಲಿಟ್ಟು, ಊರಿಂದೂರಿಗೆ ಅಲೆದು, ಪರಭಾಷೆಯ ಶಾಲೆಗಳಲ್ಲಿ ಓದಬೇಕಾಯಿತು.

1898ರಲ್ಲಿ ಅವರು ಪ್ರಾಗ್ ನಗರಕ್ಕೆ ಹೋಗಿ ಮೊದಲು ಎಂಜಿನಿಯರಿಂಗ್ ಓದಿದರು. ಆದರೆ ಮನಸ್ಸು ನಕ್ಷತ್ರಗಳ ಕಡೆಗೆ ಎಳೆಯಿತು. ಅದನ್ನು ಬಿಟ್ಟು ಖಗೋಳಶಾಸ್ತ್ರ ಹಿಡಿದು 1904ರಲ್ಲಿ ಡಾಕ್ಟರೇಟ್ ಪಡೆದರು. ಪ್ರಾಧ್ಯಾಪಕ ಮಸಾರಿಕರ ಪ್ರಭಾವ ಅವರ ಮೇಲೆ ಬಿದ್ದುದು ಅಲ್ಲಿಯೇ. ಬಳಿಕ ಬಡವರಾಗಿಯೇ ಪ್ಯಾರಿಸನ್ನು ಸೇರಿ, ಸಮೀಪದ ಮ್ಯೂಡಾನ್ ವೀಕ್ಷಣಾಲಯದಲ್ಲಿ ಜಾನ್ಸೆನ್ ಅವರ ಆಶ್ರಯ ಪಡೆದರು. ಸೂರ್ಯನ ವೀಕ್ಷಣೆಗಾಗಿ ಮಾಂಟ್ ಬ್ಲಾಂಕ್ ಶಿಖರವನ್ನು ಹಲವು ಬಾರಿ ಏರಿದರು. 1910ರಲ್ಲಿ ಹ್ಯಾಲಿ ಧೂಮಕೇತುವನ್ನು ನೋಡಲು ತಹೀತಿ ದ್ವೀಪದವರೆಗೂ ಹೋದರು. 1912ರಲ್ಲಿ ಫ್ರಾನ್ಸಿನ ಪೌರತ್ವವೂ ದೊರೆಯಿತು.

ಇಷ್ಟಕ್ಕೇ ತೃಪ್ತರಾಗಿದ್ದರೆ ಅವರೊಬ್ಬ ವಿಜ್ಞಾನಿಯಾಗಿ ಸುಖವಾಗಿ ಇರಬಹುದಿತ್ತು. ಆದರೆ 1914ರಲ್ಲಿ ಮಹಾಯುದ್ಧ ಆರಂಭವಾಯಿತು. ಷ್ಟೆಫಾನಿಕರು ಫ್ರೆಂಚ್ ಸೇನೆಯ ವಿಮಾನಚಾಲಕರಾದರು. 1916ರಲ್ಲಿ ಮಸಾರಿಕ್ ಮತ್ತು ಬೆನೆಷ್ ಅವರೊಡಗೂಡಿ ಪ್ಯಾರಿಸಿನಲ್ಲಿ ಚೆಕೊಸ್ಲೊವಾಕ್ ರಾಷ್ಟ್ರೀಯ ಮಂಡಲಿಯನ್ನು ಕಟ್ಟಿದರು. ಹೊಟ್ಟೆಯ ಬೇನೆ ಬಿಡದೆ ಕಾಡುತ್ತಿದ್ದರೂ ರಷ್ಯ, ಅಮೆರಿಕ, ಇಟಲಿಗಳಲ್ಲಿ ಸಂಚರಿಸಿ, ಯುದ್ಧಕೈದಿಗಳನ್ನೂ ವಲಸೆ ಹೋದವರನ್ನೂ ಕೂಡಿಸಿ ಸೈನ್ಯ ಕಟ್ಟಲು ದುಡಿದರು. ನಾಡೇ ಇಲ್ಲದ ಜನಕ್ಕೆ ಮೊದಲು ಸೈನ್ಯವಿದ್ದರೆ, ಗೆದ್ದ ರಾಷ್ಟ್ರಗಳು ನಾಡನ್ನೂ ಒಪ್ಪಿಯಾವೆಂಬುದು ಆ ದುಡಿಮೆಯ ಗುಟ್ಟು.

1918ರ ಅಕ್ಟೋಬರ್ 28ರಂದು ಚೆಕೊಸ್ಲೊವಾಕಿಯ ಉದಯಿಸಿತು. ಷ್ಟೆಫಾನಿಕರು ಅದರ ಮೊದಲ ಯುದ್ಧಮಂತ್ರಿಗಳಾದರು. ಆಗ ಅವರಿದ್ದುದು ಸೈಬೀರಿಯದ ಸೈನ್ಯದ ಕೆಲಸಕ್ಕಾಗಿ ದೂರದೇಶದಲ್ಲಿ! ಕಡೆಗೆ 1919ರ ಮೇ 4ರಂದು ಇಟಲಿಯಿಂದ ಕಪ್ರೋನಿ ವಿಮಾನದಲ್ಲಿ ತಾಯ್ನಾಡಿಗೆ ಹೊರಟರು. ಬ್ರಾಟಿಸ್ಲಾವದ ಬಳಿ ವಿಮಾನವು ನೆಲಕ್ಕೆ ಬಿದ್ದು ಅವರೂ ಜೊತೆಗಿದ್ದ ಮೂವರು ಇಟಲಿಯವರೂ ಮಡಿದರು. ಅವರಿಗೆ ಆಗ ವಯಸ್ಸು 38. ಕಾರಣದ ಬಗ್ಗೆ ವಾದಗಳು ಇಂದಿಗೂ ನಿಂತಿಲ್ಲ.

ಹುಟ್ಟೂರಿಗೆ ಹತ್ತಿರದ ಬ್ರಾಡ್ಲೊ ಬೆಟ್ಟದ ಮೇಲೆ ಅವರ ಸಮಾಧಿಯಿದೆ. ವಾಸ್ತುಶಿಲ್ಪಿ ಯುರ್ಕೊವಿಚರು ರೂಪಿಸಿದ ಅಲ್ಲಿನ ಕಲ್ಲಿನ ಸ್ಮಾರಕ 1928ರಲ್ಲಿ ಪೂರ್ಣವಾಯಿತು. ಕಮ್ಯುನಿಸ್ಟರ ಆಡಳಿತದಲ್ಲಿ ಅವರ ಹೆಸರನ್ನು ಮೂಲೆಗೆ ಸರಿಸಲಾಗಿತ್ತು. 1989ರ ತರುವಾಯ ಅದು ಮತ್ತೆ ಬೆಳಕಿಗೆ ಬಂದಿತು.

ಊರು ಬಿಡುವುದು ಬೇರೆ, ಊರನ್ನು ಮರೆಯುವುದು ಬೇರೆ. ಪರೀಕ್ಷೆ ಮುಗಿಸಿ ಕೆಲಸವನ್ನರಸುತ್ತ ನಾನೂ ಎಲ್ಲಿಗಾದರೂ ಹೊರಡಬೇಕಾದೀತು. ನಮ್ಮ ಹಿರಿಯರು ಮತ್ತೆ ಆ ಮಾತನ್ನೆತ್ತಿದರೆ, ಅವರೆದುರು ಕುಳಿತು ಈ ಕಥೆಯನ್ನು ಹೇಳಬೇಕೆಂದಿದ್ದೇನೆ.